ಓದುಗರ ಪ್ರಶ್ನೆ: ವ್ಯಾನಿನ ಬಾಗಿಲ ಲಾಕ್‌ಗೆ ಸ್ಟೀಲ್ ಪ್ಲೇಟ್

ಪ್ರಶ್ನೆ: ದಿನಸಿ ಸಾಗಿಸುವ ವ್ಯಾನು ನಮ್ಮದು, ರಾತ್ರಿ ರಸ್ತೆ ಬದಿಯಲ್ಲೇ ನಿಲ್ಲುತ್ತದೆ. ಡ್ರೈವರ್ ಕಡೆ ಹ್ಯಾಂಡಲ್ ಕೆಳಗೆ ತಗಡು ತೂತು ಮಾಡಿ ಬಾಗಿಲು ತೆಗೆದಿದ್ದಾರೆ. ಲಾಕ್‌ಗೆ ಗೀರೂ ಬಿದ್ದಿಲ್ಲ. ಹೊಸ ಲಾಕ್ ಸೆಟ್ ಸಾಕೇ, ಪ್ಲೇಟ್ ಹಾಕಿಸಬೇಕೇ?
– ಓದುಗರು, ದಾವಣಗೆರೆ

ಉತ್ತರ: ಲಾಕ್ ಸೆಟ್‌ಗೆ ದುಡ್ಡು ಹಾಕಬೇಡಿ, ಕಳ್ಳ ಅದರ ತಂಟೆಗೇ ಹೋಗಿಲ್ಲ. ಕೀ ಹಾಕುವ ಸಿಲಿಂಡರಿನಿಂದ ಬಾಗಿಲಂಚಿನ ಲಾಚ್‌ವರೆಗೆ (ಬಾಗಿಲನ್ನು ಹಿಡಿದಿಡುವ ಕೊಕ್ಕೆ) ಒಳಗೊಂದು ತೆಳು ರಾಡ್ ಇರುತ್ತದೆ. ಹೊರತಗಡು ಒಂದು ಮಿ.ಮೀ. ದಪ್ಪವೂ ಇರುವುದಿಲ್ಲ. ಚೂಪು ಸ್ಕ್ರೂಡ್ರೈವರ್ ತೂರಿಸಿ ಆ ರಾಡ್ ಮೀಟಿದರೆ ಮುಗಿಯಿತು. ಹಾಗಾಗಿ ಪ್ಲೇಟು ಕೀ ತೂತಿನ ಸುತ್ತ ಮಾತ್ರವಲ್ಲ, ರಾಡ್ ಹಾಯುವ ಜಾಗವನ್ನೂ ಮುಚ್ಚಬೇಕು. ಅಂಗಡಿಯಲ್ಲಿ ಸಿಗುವ ಕ್ರೋಮ್ ಬಣ್ಣದ ಪ್ಲಾಸ್ಟಿಕ್ ಕವರ್ ಬರೀ ಅಲಂಕಾರ.

ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ, ಗಾಜು ಪೂರ್ತಿ ಏರಿಸಿ, ಬಾಗಿಲ ಒಳಮೈಯ ಹೊದಿಕೆ (ಡೋರ್ ಪ್ಯಾಡ್) ತೆಗೆದು ರಾಡ್ ಎಲ್ಲಿದೆ ನೋಡಿ. ಬಾಗಿಲೊಳಗೆ ಏರ್‌ಬ್ಯಾಗ್ ಸೆನ್ಸರ್ ಇದ್ದರೆ ನೀವು ಡ್ರಿಲ್ ಮಾಡಲೇಬೇಡಿ, ಕಂಪನಿ ವರ್ಕ್‌ಶಾಪಿಗೆ ಬಿಡಿ. ಮೊದಲು ರಟ್ಟಿನಲ್ಲಿ ಅಚ್ಚು ಕತ್ತರಿಸಿ ಕೂರಿಸಿ ನೋಡಿ, ಆಮೇಲೆ 2 ಮಿ.ಮೀ. ದಪ್ಪದ 304 ಸ್ಟೇನ್‌ಲೆಸ್ ತಗಡು ಕೊಯ್ಯಿಸಿ. ಆರ್ಗಾನ್ ವೆಲ್ಡಿಂಗ್ ಮಾಡುವವರ ಹತ್ತಿರ ಹಿಂಬದಿಗೆ 5 ಮಿ.ಮೀ.ನ ನಾಲ್ಕು ಸ್ಟಡ್ (ತಲೆಯಿಲ್ಲದ ಬೋಲ್ಟ್) ಕೂಡಿಸಿ. ಆಗ ಹೊರಗಿನಿಂದ ಬಿಚ್ಚಲು ಸ್ಕ್ರೂ ತಲೆಯೇ ಸಿಗುವುದಿಲ್ಲ. ಸ್ಟಡ್ ಉದ್ದವಾದರೆ ಗಾಜಿಗೋ ರಾಡ್‌ಗೋ ತಾಗುತ್ತದೆ, ಅಳೆದೇ ಕತ್ತರಿಸಿ.

ಕೀ ತೂತಿನ ಅಳತೆಯಲ್ಲೇ ಹೆಚ್ಚಿನವರು ಎಡವುವುದು. ಪ್ಲೇಟು 2 ಮಿ.ಮೀ., ಅಡಿಯ ರಬ್ಬರ್ ಶೀಟು 1 ಮಿ.ಮೀ., ಒಟ್ಟು 3 ಮಿ.ಮೀ. ಎತ್ತರವಾಯಿತು. ಕೀಯ ಅಗಲ ತಲೆ ಪ್ಲೇಟಿಗೆ ತಾಗಿದರೆ ಕೀ ಅಷ್ಟು ಹೊರಗೇ ಉಳಿಯುತ್ತದೆ, ತಿರುಗುವುದಿಲ್ಲ. ಬಲವಂತ ಮಾಡಿದರೆ ಮುರಿಯುತ್ತದೆ. ಲಾಕಿನ ಮುಖ ತೂತಿನಿಂದ ಹೊರಗೆ ಇಣುಕುವಷ್ಟು ಕೊರೆಸಿ, ಸುತ್ತ ಒಂದು ಮಿ.ಮೀ. ಸಡಿಲ ಸಾಕು.

ಬಾಗಿಲಿಗೆ ಮೊದಲು 3, ನಂತರ 6 ಮಿ.ಮೀ. ಬಿಟ್. ತುದಿಯಿಂದ 10 ಮಿ.ಮೀ. ಬಿಟ್ಟು ಬಿಟ್‌ಗೆ ಟೇಪ್ ಸುತ್ತಿದ್ದರೆ ಅದು ಒಳಕ್ಕೆ ನುಗ್ಗುವುದಿಲ್ಲ. ಕಬ್ಬಿಣದ ಚೂರುಗಳನ್ನು ಅಯಸ್ಕಾಂತದಿಂದ ಎತ್ತಿ. ಒಳಗೇ ಉಳಿದರೆ ಮೊದಲ ಮಳೆಗೇ ತುಕ್ಕು ಶುರು. ಕಳ್ಳ ಮಾಡಿದ ತೂತನ್ನೂ ತಟ್ಟಿ ಸಮ ಮಾಡಿ, ಎಲ್ಲ ಅಂಚಿಗೂ ಜಿಂಕ್ ಪ್ರೈಮರ್ ಎರಡು ಕೋಟ್ ಕೊಟ್ಟು ಒಣಗಲು ಬಿಡಿ. ಸೀಲೆಂಟ್ ಡಬ್ಬಿಯ ಮೇಲೆ ‘ನ್ಯೂಟ್ರಲ್’ ಎಂದಿರಲಿ. ವಿನಿಗರ್ ವಾಸನೆಯ ಸಿಲಿಕಾನ್ ತಗಡನ್ನೇ ತಿನ್ನುತ್ತದೆ. ಒಳಗೆ ಸ್ಟಡ್‌ಗಳಿಗೆ ಅಗಲ ವಾಷರ್, ನೈಲಾಕ್ ನಟ್ (ಒಳಗೆ ನೈಲಾನ್ ಬಳೆಯಿದ್ದು ಸಡಿಲವಾಗದ ನಟ್). ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿಮಾಡಿ, ಅತಿಯಾದರೆ ತಗಡು ತಗ್ಗು ಬೀಳುತ್ತದೆ.

ಬಾಗಿಲು ಮುಚ್ಚುವ ಮೊದಲು, ತೆರೆದೇ ಇರುವಾಗ, ಸ್ಕ್ರೂಡ್ರೈವರಿನಿಂದ ಲಾಚ್ ತಿರುಗಿಸಿ ಮುಚ್ಚಿದ ಸ್ಥಿತಿಗೆ ತನ್ನಿ. ಕೀ ಹಾಕಿ ಲಾಕ್ ಮಾಡಿ, ತೆಗೆಯಿರಿ, ಹ್ಯಾಂಡಲ್ ಎಳೆಯಿರಿ. ಲಾಚ್ ಹತ್ತು ಸಲವೂ ಬಿಟ್ಟುಕೊಂಡರೆ ಮಾತ್ರ ಬಾಗಿಲು ಹಾಕಿ. ರಾಡ್ ಎಲ್ಲಾದರೂ ಸಿಕ್ಕಿಕೊಂಡಿದ್ದರೆ, ಮುಚ್ಚಿದ ಬಾಗಿಲು ತೆಗೆಸುವುದು ಪ್ಲೇಟ್ ಹಾಕಿಸುವುದಕ್ಕಿಂತ ದೊಡ್ಡ ಕೆಲಸ.

ಪ್ರಶ್ನೆ: ಪ್ಲೇಟನ್ನು ಪಾಪ್ ರಿವೆಟ್‌ನಲ್ಲಿ ಕೂರಿಸಬಹುದೇ?
– ಓದುಗರು, ಹಾಸನ

ಉತ್ತರ: ಬೇಡ. ಅಲ್ಯೂಮಿನಿಯಂ ರಿವೆಟ್‌ನ ತಲೆ ಡ್ರಿಲ್‌ಗೆ ಕ್ಷಣದಲ್ಲಿ ಹಾರುತ್ತದೆ, ಉಳಿಗೂ ನಿಲ್ಲುವುದಿಲ್ಲ. ಮೇಲಾಗಿ ನಾಳೆ ಲಾಕ್ ರಿಪೇರಿಗೆ ಬಂದರೆ ನೀವೇ ಅದನ್ನು ಕೊರೆದು ತೆಗೆಯಬೇಕು. ನಟ್ ಆದರೆ ಒಳಗಿನಿಂದ ಬಿಚ್ಚಿದರಾಯಿತು.