ಬೈಪಾಸ್ ಬಿಟ್ಟು ಊರೊಳಗೆ ಹೋಗಿ

ಅಪ್ಪ ಅಮ್ಮನ ಜೊತೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ಕಾರಿನಲ್ಲಿ ಹೊರಟಿದ್ದೇವೆ, ದಾರಿಯಲ್ಲಿ ಆಯಾ ಊರಿನದೇ ಊಟ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದೀರಿ. ಇದಕ್ಕೆ ಬೈಪಾಸ್ ಬಿಟ್ಟು ಊರೊಳಗೆ ಇಳಿಯಲೇಬೇಕು. ಸ್ವಲ್ಪ ತಡವಾದರೂ ಚಿಂತೆಯಿಲ್ಲ.

ಬೆಳಿಗ್ಗೆ ಬೇಗ ಹೊರಟರೆ ತುಮಕೂರಿಗೆ ಮುಂಚೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ಒಂದಕ್ಕೇ ನಿಲ್ಲಿಸಿ, ದಾವಣಗೆರೆಯ ಬೆಣ್ಣೆ ದೋಸೆಗೆ ಹೊಟ್ಟೆಯಲ್ಲಿ ಜಾಗ ಬೇಕು. ಅದರ ಹಿಟ್ಟಿಗೆ ಮಂಡಕ್ಕಿಯನ್ನೂ ಸೇರಿಸಿ ರುಬ್ಬುತ್ತಾರೆ. ಜೊತೆಗೆ ಅರಿಶಿನವಿಲ್ಲದ ಬಿಳಿ ಆಲೂಗಡ್ಡೆ ಪಲ್ಯ ಮತ್ತು ಕಾಯಿ ಚಟ್ನಿ. ದಯವಿಟ್ಟು ಸಾಂಬಾರ್ ಕೇಳಬೇಡಿ, ಈ ದೋಸೆಗೆ ಅದು ಸೇರುವುದಿಲ್ಲ.

ಮಧ್ಯಾಹ್ನದ ಊಟವನ್ನು ಮಾತ್ರ ಅವಸರದಲ್ಲಿ ಮುಗಿಸಬೇಡಿ. ರಾಣೆಬೆನ್ನೂರು ಅಥವಾ ಹಾವೇರಿಯಲ್ಲಿ ಬಸ್ ನಿಲ್ದಾಣ, ಮಾರುಕಟ್ಟೆಯ ಸುತ್ತ ಖಾನಾವಳಿ ಹುಡುಕಿ. ಫಲಕದ ಅಂದಕ್ಕೆ ಮರುಳಾಗಬೇಡಿ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿದ್ದರೆ ಧೈರ್ಯವಾಗಿ ಕುಳಿತುಕೊಳ್ಳಿ. ಮೆನು ಕೇಳುವ ಬದಲು “ಇವತ್ತು ಏನು ಪಲ್ಯ?” ಎಂದು ಕೇಳಿ. ಬದನೆಕಾಯಿ ಎಣ್ಣೆಗಾಯಿ, ಕಾಳು ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಹಸಿ ಈರುಳ್ಳಿ: ಉತ್ತರ ಕರ್ನಾಟಕದ ರುಚಿ ಇದೇ, ನನಗೆ ಇದಕ್ಕಿಂತ ಪ್ರಿಯವಾದ ಊಟ ಬೇರೆಯಿಲ್ಲ. ಬಿಸಿ ಜೋಳದ ರೊಟ್ಟಿಯನ್ನೇ ಹೇಳಿ, ಕಟಕ್ ರೊಟ್ಟಿ ಹಿರಿಯರ ಹಲ್ಲಿಗೆ ಕಷ್ಟ. ಖಾರ ತಡೆಯದವರಿಗೆ ಮೊಸರನ್ನು ಮೊದಲೇ ತರಿಸಿ. ತಡವಾಗಿ ಹೋದರೆ ಒಳ್ಳೆಯ ಪಲ್ಯ ಖಾಲಿಯಾಗಿರುತ್ತದೆ, ಒಂದೂವರೆಯೊಳಗೆ ತಲುಪುವಂತೆ ನೋಡಿಕೊಳ್ಳಿ.

ಸಂಜೆಗೆ ಹುಬ್ಬಳ್ಳಿಯಲ್ಲಿ ಗಿರ್ಮಿಟ್, ಮಿರ್ಚಿ ಭಜಿ ಇದ್ದೇ ಇವೆ.