ನಾಲ್ಕು ವರ್ಷ ನಿಂತಿದ್ದ ಬೈಕನ್ನು ಕೊಳ್ಳಬಹುದೇ?

ಪ್ರಶ್ನೆ: ಎರಡು ಸಿಲಿಂಡರಿನ, ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಯೊಡನೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇರುವ, ಹದಿನೆಂಟು ವರ್ಷ ಹಳೆಯ ಬೈಕೊಂದನ್ನು ಕೊಳ್ಳಬೇಕೆಂದಿದ್ದೇನೆ. ಮಾಲೀಕರು ವಾರ್ಷಿಕ ತಪಾಸಣೆಯ ವರದಿಗಳನ್ನೆಲ್ಲ ತೋರಿಸಿದ್ದಾರೆ. ಹನ್ನೊಂದನೆಯ ವರ್ಷದ ವರದಿಯಲ್ಲಿ 26,400 ಕಿ.ಮೀ., ಹನ್ನೆರಡನೆಯದರಲ್ಲಿ 29,100 ಕಿ.ಮೀ. ಎಂದಿದೆ. ಆಮೇಲೆ ನಾಲ್ಕು ವರ್ಷ ವರದಿಯೇ ಇಲ್ಲ. ಹದಿನೇಳನೆಯ ವರ್ಷ 29,350, ಕಳೆದ ತಿಂಗಳು 30,100. ಮೊದಲಿನ ಎರಡು ವರದಿಗಳಲ್ಲಿ ‘ಮುಂದಿನ ಫೋರ್ಕ್‌ನಲ್ಲಿ (ಮುಂದಿನ ಗಾಲಿಯನ್ನು ಹಿಡಿದಿರುವ ಜೋಡಿ ಕೊಳವೆಗಳಲ್ಲಿ) ಎಣ್ಣೆ ಜಿನುಗುತ್ತಿದೆ’ ಎಂಬ ಸೂಚನೆಯಿತ್ತು. ಈಚಿನ ಎರಡರಲ್ಲಿ ಆ ಮಾತಿಲ್ಲ. ‘ಓಡಿದ್ದು ಕಡಿಮೆ, ಪಾಸೂ ಆಗಿದೆ, ಇನ್ನೇನು ನೋಡಬೇಕು’ ಎಂದು ಮಾಲೀಕರು ಕೇಳುತ್ತಾರೆ. ನಂಬಬಹುದೇ?

ಉತ್ತರ: ಹಳೆಯ ವರದಿಗಳನ್ನು ಬಚ್ಚಿಡದೆ ಮುಂದಿಟ್ಟ ಮಾಲೀಕರ ಮೇಲೆ ಅನುಮಾನಪಡಲು ನನಗೆ ಕಾರಣ ಕಾಣುವುದಿಲ್ಲ. ಆದರೆ ಕಳೆದ ತಿಂಗಳ ವರದಿಗೆ ನೀವಿಬ್ಬರೂ ಕೊಡುತ್ತಿರುವ ಬೆಲೆ ಹೆಚ್ಚಾಯಿತು. ತಪಾಸಣೆ ಮಾಡುವವರು ಬ್ರೇಕು, ದೀಪ, ಟಯರು, ಹ್ಯಾಂಡಲು, ಸಸ್ಪೆನ್ಷನ್ ಇಂಥವನ್ನು ಅಂದು ಇದ್ದಂತೆ ನೋಡುತ್ತಾರೆಯೇ ಹೊರತು ಎಂಜಿನ್ ಬಿಚ್ಚುವುದಿಲ್ಲ, ಕ್ಲಚ್ ಪ್ಲೇಟು ಸವೆದಿದೆಯೇ, ಗೇರುಗಳ ಹಲ್ಲು ಸರಿಯಿದೆಯೇ ಎಂದು ಒಳಹೊಕ್ಕು ಪರೀಕ್ಷಿಸುವುದಿಲ್ಲ. ಬೈಕು ಆ ದಿನ ರಸ್ತೆಗಿಳಿಯಲು ಯೋಗ್ಯವಾಗಿತ್ತು ಎಂಬುದಷ್ಟೇ ಆ ಕಾಗದದ ಅರ್ಥ. ಅದು ಮುಂದಿನ ಎರಡು ವರ್ಷ ಕೈಕೊಡದೆ ಓಡುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ, ಅದಕ್ಕೆ ಉತ್ತರವನ್ನು ಎಲ್ಲ ವರದಿಗಳನ್ನೂ ಸಾಲಾಗಿ ಇಟ್ಟುಕೊಂಡು ಹುಡುಕಬೇಕು.

ಹಾಗೆ ಇಟ್ಟು ನೋಡಿದರೆ ಒಂದು ಸಮಾಧಾನವಿದೆ: ಅಂಕಿ ಎಲ್ಲಿಯೂ ಹಿಂದಕ್ಕೆ ಹೋಗಿಲ್ಲ. ಮೀಟರ್ ತಿರುಗಿಸಿದ್ದರೆ ಹಿಂದಿನ ವರ್ಷಕ್ಕಿಂತ ಕಡಿಮೆ ಕಿಲೋಮೀಟರ್ ಕಾಣಿಸಿಕೊಂಡು ಸಿಕ್ಕಿಬೀಳುವುದು ಸಾಮಾನ್ಯ. ಫುಟ್‌ರೆಸ್ಟಿನ ರಬ್ಬರು, ಗೇರ್ ಪೆಡಲಿನ ತುದಿ, ಹಿಡಿಗಳು ಮೂವತ್ತು ಸಾವಿರ ಕಿಲೋಮೀಟರಿಗೆ ತಕ್ಕಷ್ಟೇ ಸವೆದಿದ್ದರೆ ಮೀಟರನ್ನು ನಂಬಿ. ನನ್ನ ಚಿಂತೆ ಇರುವುದು ಆ ಖಾಲಿ ಜಾಗದ ಬಗ್ಗೆ. ಒಂದೇ ವರ್ಷದಲ್ಲಿ 2,700 ಕಿ.ಮೀ. ಓಡಿದ ಗಾಡಿ ಮುಂದಿನ ಐದು ವರ್ಷಗಳಲ್ಲಿ ಓಡಿದ್ದು ಬರೀ 250 ಕಿ.ಮೀ. ಅಂದರೆ ಅದು ನಿಂತಿತ್ತು, ಮತ್ತು ನಿಲ್ಲುವುದು ಬೈಕಿಗೆ ವಿಶ್ರಾಂತಿಯಲ್ಲ. ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲು ಆರಿ ಅಂಟಾಗಿ ಜೆಟ್ ಎಂಬ ಕೂದಲೆಳೆಯಷ್ಟು ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಅರ್ಧ ಖಾಲಿಯಾದ ಟ್ಯಾಂಕಿನ ಒಳಗೋಡೆ ತುಕ್ಕು ಹಿಡಿಯುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಂಡು, ಬ್ರೇಕ್ ಪ್ಯಾಡುಗಳನ್ನು ಡಿಸ್ಕಿಗೆ ಅದುಮುವ ಕ್ಯಾಲಿಪರಿನ ಪಿಸ್ಟನ್ನುಗಳನ್ನು ಒಳಗೊಳಗೇ ಕಚ್ಚಿಸುತ್ತದೆ. ರಬ್ಬರ್ ಕೊಳವೆಗಳು ಗಟ್ಟಿಯಾಗಿ ಬಿರುಕು ಬಿಡುತ್ತವೆ.

ಇದನ್ನು ನಾನು ಅನುಭವಿಸಿಯೇ ಕಲಿತೆ. ಪಾಸಾದ ವರದಿಯನ್ನು ನಂಬಿ ಹಿಂದೊಮ್ಮೆ ನಾನು ಕೊಂಡ ಬೈಕು ಮೊದಲ ವಾರ ಚೆನ್ನಾಗಿಯೇ ಓಡಿತು, ಆಮೇಲೆ ಹತ್ತಿಪ್ಪತ್ತು ಕಿಲೋಮೀಟರಿಗೊಮ್ಮೆ ನಿಲ್ಲತೊಡಗಿತು. ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿದಾಗ ತಳದಲ್ಲಿ ಕಾಫಿಪುಡಿಯಂಥ ಕಂದು ಹುಡಿ ಕಂಡಿತು. ಕಾರ್ಬ್ಯುರೇಟರನ್ನು ಮೂರು ಸಲ ಬಿಚ್ಚಿ ತೊಳೆದರೂ ಮೇಲಿನಿಂದ ತುಕ್ಕು ಇಳಿಯುತ್ತಲೇ ಇತ್ತು. ಆದ್ದರಿಂದ ನೀವು ಹೋಗುವಾಗ ಸಣ್ಣ ಟಾರ್ಚ್ ಒಯ್ಯಿರಿ, ಬೇರೆ ಏನನ್ನೂ ನೋಡುವ ಮೊದಲು ಟ್ಯಾಂಕಿನೊಳಗೆ ನೋಡಿ.

ಇನ್ನು ಫೋರ್ಕ್. ಎರಡು ವರ್ಷ ಜಿನುಗಿದ ಎಣ್ಣೆ ತಾನಾಗಿ ನಿಲ್ಲುವುದಿಲ್ಲ. ಎಣ್ಣೆ ಹೊರಬರದಂತೆ ತಡೆಯುವ ಆಯಿಲ್ ಸೀಲ್ ಬದಲಾಯಿಸಿದ್ದರೆ ಬಿಲ್ ತೋರಿಸಿ ಎಂದು ವಿನಯದಿಂದಲೇ ಕೇಳಿ. ಬಿಲ್ ಇಲ್ಲವೆಂದರೆ, ತಪಾಸಣೆಗೆ ಮುನ್ನ ಬಟ್ಟೆಯಿಂದ ಒರೆಸಿದ್ದಿರಲೂಬಹುದು. ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲನ್ನು ಐದಾರು ಸಲ ಜೋರಾಗಿ ಅದುಮಿ, ಫೋರ್ಕಿನ ಹೊಳೆಯುವ ಕೊಳವೆಯ ಮೇಲೆ ಎಣ್ಣೆಯ ಬಳೆ ಮೂಡುತ್ತದೆಯೇ ನೋಡಿ. ಬಳಿಕ ಆ ಕೊಳವೆಯ ಉದ್ದಕ್ಕೂ ಉಗುರು ಆಡಿಸಿ. ಉಗುರಿಗೆ ಸಿಕ್ಕುವಂಥ ತುಕ್ಕಿನ ಚುಕ್ಕಿಗಳಿದ್ದರೆ ಹೊಸ ಸೀಲನ್ನೂ ಅವು ಹರಿದುಹಾಕುತ್ತವೆ. ಆಗ ಕೊಳವೆಗೇ ಖರ್ಚು ಮಾಡಬೇಕಾಗುತ್ತದೆ.

ನೀವು ಬರುವ ಮೊದಲು ಬೈಕ್ ಸ್ಟಾರ್ಟ್ ಮಾಡಬೇಡಿ ಎಂದು ಫೋನಿನಲ್ಲೇ ಹೇಳಿಡಿ, ತಲುಪಿದ ಕೂಡಲೇ ಎಂಜಿನ್ನಿನ ಮೇಲೆ ಅಂಗೈ ಇಟ್ಟು ನೋಡಿ. ಬಿಸಿ ಎಂಜಿನ್ ಅನೇಕ ದೋಷಗಳನ್ನು ಮರೆಮಾಚುತ್ತದೆ. ತಣ್ಣಗಿರುವಾಗ ಚೋಕ್ ಎಳೆದು ಸ್ಟಾರ್ಟ್ ಮಾಡಿಸಿ. ಮೊದಲಿಗೆ ತೆಳುವಾದ ಬಿಳಿ ಆವಿ ಬಂದು ಮಾಯವಾದರೆ ಅದು ಬರೀ ನೀರಾವಿ. ನೀಲಿ ಹೊಗೆ ನಿಲ್ಲದೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದು ತಿಳಿಯಿರಿ. ಒಂದು ಮಲ್ಟಿಮೀಟರ್ ಸಿಕ್ಕಿದರೆ ಬ್ಯಾಟರಿಯನ್ನೂ ಅಳೆಯಿರಿ: ಎಂಜಿನ್ ಆಫ್ ಇದ್ದಾಗ ಸುಮಾರು 12.6 ವೋಲ್ಟ್, ಆಕ್ಸಿಲರೇಟರ್ ಕೊಟ್ಟಾಗ 14ರ ಆಸುಪಾಸು ಇರಬೇಕು. 13 ದಾಟದಿದ್ದರೆ ಅಥವಾ 15 ಮೀರಿದರೆ ಚಾರ್ಜಿಂಗ್ ಭಾಗದಲ್ಲಿ ತೊಂದರೆಯಿದೆ. ಹಳೆಯ ಬೈಕುಗಳು ದಾರಿಯಲ್ಲಿ ನಿಲ್ಲಲು, ಚಾರ್ಜಿಂಗ್ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಕೆಡುವುದು ಬಹಳ ಸಾಮಾನ್ಯವಾದ ಕಾರಣ, ಆದರೂ ಕೊಳ್ಳುವವರು ಇದನ್ನು ಪರೀಕ್ಷಿಸುವುದೇ ಅಪರೂಪ. ಮುಂದಿನ ಗಾಲಿಯನ್ನು ನೆಲದಿಂದ ಎತ್ತಿ ಹ್ಯಾಂಡಲನ್ನು ನಿಧಾನವಾಗಿ ಎಡಕ್ಕೂ ಬಲಕ್ಕೂ ತಿರುಗಿಸಿ. ನಟ್ಟನಡುವೆ ಕಚ್ಚಿದಂತಾದರೆ ಹ್ಯಾಂಡಲು ತಿರುಗುವ ಬುಡದ ಬೇರಿಂಗ್ ಸವೆದಿದೆ.

ಟಯರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನು ಓದಿ. 2316 ಎಂದಿದ್ದರೆ ಅದು 2016ರ 23ನೆಯ ವಾರ ತಯಾರಾದದ್ದು. ನಿಂತೇ ಇದ್ದ ಬೈಕಿನ ಟಯರಿನಲ್ಲಿ ಗೆರೆಗಳು ಆಳವಾಗಿರುವುದರಿಂದ ತಪಾಸಣೆಯಲ್ಲಿ ಪಾಸಾಗಬಹುದು. ಆದರೆ ಹತ್ತು ವರ್ಷ ದಾಟಿದ ರಬ್ಬರು ಗಟ್ಟಿಯಾಗಿ, ಒದ್ದೆ ರಸ್ತೆಯಲ್ಲಿ ಹಿಡಿತ ಬಿಡುತ್ತದೆ. ಇದರಲ್ಲಿ ರಾಜಿ ಬೇಡ. ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆಗಳು ನೋಂದಣಿ ಪತ್ರಕ್ಕೂ ಪ್ರತಿಯೊಂದು ವರದಿಗೂ ತಾಳೆಯಾಗಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಟ್ಯಾಂಕ್ ಶುದ್ಧವಾಗಿದ್ದು, ಫೋರ್ಕಿನ ಕೊಳವೆ ನುಣುಪಾಗಿದ್ದು, ತಣ್ಣನೆಯ ಎಂಜಿನ್ ತಕರಾರಿಲ್ಲದೆ ಹೊತ್ತಿಕೊಂಡರೆ ಕೊಳ್ಳಿ. ಎರಡು ಟಯರು, ಬ್ಯಾಟರಿ, ಬ್ರೇಕ್ ಆಯಿಲ್, ಕ್ಯಾಲಿಪರ್ ಸೀಲು ಮತ್ತು ಪೆಟ್ರೋಲ್ ಕೊಳವೆಗಳ ಖರ್ಚನ್ನು ಮೊದಲೇ ಲೆಕ್ಕಹಾಕಿ ಬೆಲೆಯಲ್ಲಿ ಕಳೆಯಿರಿ. ಟ್ಯಾಂಕಿನಲ್ಲಿ ತುಕ್ಕು ಕಂಡರೆ ಮಾತ್ರ, ಬೆಲೆ ಎಷ್ಟೇ ಇಳಿಸಿದರೂ ನಾನಾದರೆ ಬಿಟ್ಟುಬಿಡುತ್ತೇನೆ.

ಪ್ರಶ್ನೆ: ಒಂದೇ ಮಾದರಿಯ ಎರಡು ಹಳೆಯ ಬೈಕುಗಳು ಮಾರಾಟಕ್ಕಿವೆ. ಒಂದು 18,000 ಕಿ.ಮೀ. ಓಡಿದೆ, ಸರ್ವಿಸ್ ಬಿಲ್ಲುಗಳಿಲ್ಲ. ಇನ್ನೊಂದು 62,000 ಕಿ.ಮೀ. ಓಡಿದೆ, ಬಿಲ್ಲುಗಳೂ ಪ್ರತಿ ವರ್ಷದ ತಪಾಸಣಾ ವರದಿಗಳೂ ಇವೆ. ಯಾವುದು ಲೇಸು?

ಉತ್ತರ: ಎರಡನೆಯದು. ಅದರ ಆಯಿಲ್ ಯಾವಾಗ ಬದಲಾಯಿತು, ಚೈನ್ ಮತ್ತು ಸ್ಪ್ರಾಕೆಟ್ ಎಷ್ಟು ಸಲ ಹೊಸದಾಯಿತು ಎಂಬುದು ನಿಮಗೆ ಗೊತ್ತಿರುತ್ತದೆ. ಎಂಜಿನ್ನಿನ ವಾಲ್ವ್‌ಗಳ (ಗಾಳಿ ಒಳಬರುವ, ಹೊಗೆ ಹೊರಹೋಗುವ ಬಾಗಿಲುಗಳ) ಸಂದನ್ನು ಕೊನೆಯ ಬಾರಿ ಎಷ್ಟನೆಯ ಕಿಲೋಮೀಟರಿನಲ್ಲಿ ಸರಿಪಡಿಸಿದರು ಎಂಬುದನ್ನು ಬಿಲ್ಲುಗಳಲ್ಲಿ ಹುಡುಕಿ. ಆ ಕೆಲಸ ಒಮ್ಮೆಯೂ ಆಗಿಲ್ಲದಿದ್ದರೆ ಕೊಳ್ಳುವ ಮೊದಲೇ ಮೆಕ್ಯಾನಿಕ್‌ಗೆ ತೋರಿಸಿ.