ಗಾಲಿಯ ಮೇಲಿನ ಯಂತ್ರಗಳಿಗೆ ಧೂಳು ಹೀರುವ ವ್ಯವಸ್ಥೆ

ಪ್ರಶ್ನೆ: ಮನೆಯ ಪಕ್ಕದ 20 ಅಡಿ ಉದ್ದ, 14 ಅಡಿ ಅಗಲದ ಶೆಡ್ಡಿನಲ್ಲಿ ನಾನೊಬ್ಬನೇ ಮರಗೆಲಸ ಮಾಡುತ್ತೇನೆ. ಜಾಗ ಸಾಲದ ಕಾರಣ ಟೇಬಲ್ ಸಾ, ಬ್ಯಾಂಡ್ ಸಾ ಎಂಬ ಎರಡು ಗರಗಸದ ಯಂತ್ರಗಳು, ಹಲಗೆಯ ದಪ್ಪ ಇಳಿಸುವ ಥಿಕ್ನೆಸ್ ಪ್ಲೇನರ್, ಈ ಮೂರಕ್ಕೂ ಗಾಲಿ ಹಾಕಿಸಿದ್ದೇನೆ. 2 ಎಚ್‌ಪಿಯ ಡಸ್ಟ್ ಕಲೆಕ್ಟರ್ (ಧೂಳು ಹೀರಿ ಚೀಲದಲ್ಲಿ ಕೂಡಿಡುವ ಯಂತ್ರ) ಕೊಂಡು, ಗೋಡೆಯುದ್ದಕ್ಕೂ 6 ಅಂಗುಲದ ಪೈಪು ಹಾಯಿಸಿ, ಪ್ರತಿ ಯಂತ್ರಕ್ಕೂ 4 ಅಂಗುಲದ ಕವಲು ಕೊಡಬೇಕೆಂದಿದ್ದೇನೆ. ಈ ಯೋಜನೆ ಸರಿಯೇ?
— ಓದುಗರು, ಸಾಗರ

ಉತ್ತರ: ಯಂತ್ರಗಳು ನಿಂತಲ್ಲೇ ನಿಲ್ಲುವ ಕಾರ್ಖಾನೆಗೆ ಇದು ಸರಿಹೋದೀತು, ನಿಮ್ಮ ಶೆಡ್ಡಿಗೆ ಬೇಡ. ಒಬ್ಬರೇ ದುಡಿಯುವಲ್ಲಿ ಒಂದು ಹೊತ್ತಿಗೆ ಒಂದೇ ಯಂತ್ರ ಓಡುತ್ತದೆ. ಅದಕ್ಕೂ ಗಾಲಿಯಿದೆ ಎಂದ ಮೇಲೆ ಪೈಪನ್ನು ಮೂರು ಕಡೆಗೆ ಒಯ್ಯುವ ಬದಲು ಯಂತ್ರವನ್ನೇ ಕಲೆಕ್ಟರಿನ ಬಳಿಗೆ ತರುವುದು ಸುಲಭ, ಅಗ್ಗ, ಮತ್ತು ಧೂಳು ಹೀರುವುದೂ ಹೆಚ್ಚು.

ಕಾರಣ ಗಾಳಿಯ ವೇಗದಲ್ಲಿದೆ. ಹೊಟ್ಟು ಪೈಪಿನಲ್ಲಿ ಕೂರದೆ ಸಾಗಬೇಕಾದರೆ ಗಾಳಿ ನಿಮಿಷಕ್ಕೆ ಸುಮಾರು 4,000 ಅಡಿ ವೇಗದಲ್ಲಿ ಹರಿಯಬೇಕು. ಆ ವೇಗದಲ್ಲಿ 4 ಅಂಗುಲದ ಪೈಪು ನಿಮಿಷಕ್ಕೆ ಸುಮಾರು 350 ಘನ ಅಡಿ ಗಾಳಿಯನ್ನೂ 6 ಅಂಗುಲದ್ದು 785 ಘನ ಅಡಿಯನ್ನೂ ಒಯ್ಯುತ್ತದೆ. ನೀವು ಹೇಳಿದಂತೆ 6 ಅಂಗುಲದ ಪೈಪಿಗೆ 4 ಅಂಗುಲದ ಒಂದೇ ಕವಲು ತೆರೆದಿದ್ದರೆ, ದೊಡ್ಡ ಪೈಪಿನಲ್ಲಿ ವೇಗ 1,800 ಅಡಿಗೆ ಇಳಿದು ಹೊಟ್ಟು ಅಲ್ಲಲ್ಲೇ ಕೂರುತ್ತದೆ.

ಉದ್ದ ಗೋಡೆಯ ನಡುವೆ ಕಲೆಕ್ಟರನ್ನು ನಿಲ್ಲಿಸಿ, 4 ಅಂಗುಲದ ಬಾಗುವ ಹೋಸನ್ನು ನೇರವಾಗಿ ಅದಕ್ಕೇ ಸಿಕ್ಕಿಸಿ. ಒಳಮೈ ಸುಕ್ಕುಗಟ್ಟಿದ ಈ ಹೋಸು ನುಣುಪು ಪೈಪಿಗಿಂತ ಎರಡು ಮೂರು ಪಟ್ಟು ಹೆಚ್ಚು ತಡೆಯೊಡ್ಡುವುದರಿಂದ 6 ಅಡಿಗಿಂತ ಉದ್ದ ಇಡಬೇಡಿ. 2 ಎಚ್‌ಪಿಯ ಕಲೆಕ್ಟರುಗಳಿಗೆ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಬಾಯಿಗಳಿರುತ್ತವೆ. ಟೇಬಲ್ ಸಾ ಓಡಿಸುವಾಗ ಒಂದನ್ನು ಅದರ ಹೊಟ್ಟೆಗೂ ಇನ್ನೊಂದನ್ನು ಬ್ಲೇಡಿನ ಮೇಲಿನ ಗಾರ್ಡಿಗೂ ಜೋಡಿಸಿ, ಏಕೆಂದರೆ ಉಸಿರಿಗೆ ಸೇರುವ ಧೂಳು ಏಳುವುದು ಹಲಗೆಯ ಮೇಲ್ಗಡೆ. ಪ್ಲೇನರ್ ಉದುರಿಸುವ ಸಿಪ್ಪೆ ಬಹಳವಾದ್ದರಿಂದ ಅದಕ್ಕೆ ಮಾತ್ರ, ಕಲೆಕ್ಟರಿಗೆ ಮೊದಲು ಸಿಪ್ಪೆ ಬಿದ್ದುಳಿಯುವಂತೆ, ನಡುವೆ ಮುಚ್ಚಳದ ಡ್ರಮ್ಮೊಂದನ್ನು ಇಟ್ಟರೆ ಚೀಲ ಬೇಗ ತುಂಬುವುದಿಲ್ಲ.

ಪೈಪಿನಲ್ಲಿ ಉಳಿದ ಹಣವನ್ನು ಫಿಲ್ಟರಿಗೆ ಹಾಕಿ. ನಾನು ಒತ್ತಿ ಹೇಳಬೇಕಾದದ್ದು ಇದನ್ನೇ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲೇ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಮೂಗು ಮತ್ತು ಅದರ ಸುತ್ತಲಿನ ಕುಹರಗಳ ಕ್ಯಾನ್ಸರಿಗೂ ಇದಕ್ಕೂ ಇರುವ ನಂಟು ಸ್ಪಷ್ಟವಾಗಿದೆ. 30 ಮೈಕ್ರಾನಿನ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು; ಅಷ್ಟು ದಪ್ಪದ ಕಣಗಳವರೆಗೆ ಹಿಡಿಯುವ) ಬಟ್ಟೆಚೀಲ ಕಣ್ಣಿಗೆ ಕಾಣುವ ಹೊಟ್ಟನ್ನು ಹಿಡಿದು, ಶ್ವಾಸಕೋಶದ ಆಳಕ್ಕೆ ಇಳಿಯುವ ನುಣ್ಣನೆಯ ಧೂಳನ್ನು ಶೆಡ್ಡಿನ ತುಂಬ ಹರಡುತ್ತದೆ. 1 ಮೈಕ್ರಾನಿನ ಚೀಲವನ್ನೋ ಕಾರ್ಟ್ರಿಜ್ ಫಿಲ್ಟರನ್ನೋ ಕೇಳಿ ಪಡೆಯಿರಿ.

ಇನ್ನೂ ಒಳ್ಳೆಯ ದಾರಿಯೆಂದರೆ ಕಲೆಕ್ಟರನ್ನು ಗೋಡೆಯ ಹೊರಗೆ, ಸೂರಿನಡಿ ನಿಲ್ಲಿಸುವುದು. ಚಳಿಯ ದೇಶಗಳಲ್ಲಿ ಕಾಯಿಸಿದ ಗಾಳಿಯನ್ನು ಹೊರಗೆ ಕಳೆದುಕೊಳ್ಳಲಾರದೆ ಸೋಸಿ ಒಳಗೇ ಬಿಡುತ್ತಾರೆ. ನಮಗೆ ಆ ಚಿಂತೆಯಿಲ್ಲ. ಆದರೆ ಹೊರಹೋದಷ್ಟು ಗಾಳಿ ಒಳಬರುವಂತೆ ಎದುರಿನ ಕಿಟಕಿ ತೆರೆದಿರಬೇಕು, ಪಕ್ಕದ ಮನೆಯತ್ತ ಧೂಳು ಹೋಗಬಾರದು, ಮತ್ತು ನಿಮ್ಮೂರಿನ ಮಳೆಗಾಲದಲ್ಲಿ ಎರಚಲು ತಾಗದಂತೆ ಮರೆ ಕಟ್ಟಬೇಕು. ಚೀಲ ನೆನೆದರೆ ಧೂಳು ಮೆತ್ತಿಕೊಂಡು ಗಾಳಿಯಾಡುವುದಿಲ್ಲ.

ಕೈಯಲ್ಲಿ ಹಿಡಿದು ಮರ ಉಜ್ಜುವ ಸ್ಯಾಂಡರ್ ಮತ್ತು ಅಂಚು, ಗಾಡಿ ಕೊರೆಯುವ ರೂಟರುಗಳಿಗೆ ಈ ಕಲೆಕ್ಟರ್ ಒದಗುವುದಿಲ್ಲ. ಅವುಗಳ ಕಿರಿದಾದ ಬಾಯಿಯ ಮೂಲಕ ಹೀರಲು ಹೆಚ್ಚು ಸೆಳೆತದ ವ್ಯಾಕ್ಯೂಮ್ ಕ್ಲೀನರೇ ಬೇಕು. ಉಳಿ ಮಸೆಯುವ ಗ್ರೈಂಡರಿಗಂತೂ ಕಲೆಕ್ಟರನ್ನು ಎಂದಿಗೂ ಜೋಡಿಸಬೇಡಿ, ಒಂದು ಕಿಡಿ ಒಳಹೊಕ್ಕರೂ ಹೊಟ್ಟಿನ ಚೀಲ ಒಳಗೊಳಗೇ ಹೊತ್ತಿಕೊಳ್ಳಬಹುದು. ಎರಡು ಮೋಟಾರುಗಳನ್ನು ಒಟ್ಟಿಗೆ ಚಾಲೂ ಮಾಡದೆ ಮೊದಲು ಕಲೆಕ್ಟರ್, ಅದು ಪೂರ್ಣ ವೇಗಕ್ಕೆ ಬಂದ ಮೇಲೆ ಯಂತ್ರ ಎಂಬ ಕ್ರಮವಿರಲಿ. ಸ್ಯಾಂಡಿಂಗ್ ಮಾಡುವಾಗಲೂ ಚೀಲ ಖಾಲಿ ಮಾಡುವಾಗಲೂ ಎನ್95 ಮಾಸ್ಕ್ ಧರಿಸಿ.